ಹಾಯಿದೋಣಿಯಲ್ಲಿ ಐದು ದಿನ



ಒಂದು ಸಂಸಾರವನ್ನು ಚೆನ್ನಾಗಿ ಅರಿಯಬೇಕಾದರೆ ಅವರ ಮನೆಗೆ ಊಟಕ್ಕೆ ಹೋಗಬೇಕು ಎಂದು ನಮ್ಮ ಗುರುಮಠದ ಹಿರಿಯ ಗುರುಗಳೊಬ್ಬರು ಹೇಳುತ್ತಿದ್ದರು. ಊಟಕ್ಕೆ ಹೋದರೆ ಸಾಲದು, ಅವರ ಜೊತೆ 34 ಅಡಿ ಉದ್ದದ ದೋಣಿಯಲ್ಲಿ ಐದು ದಿನ ಕಳೆಯಬೇಕು ಎಂದು ನಾನು ಈಗ ಸೇರಿಸುತ್ತೇನೆ. ಮನೆಯಲ್ಲಿ ಮಾತಿಗೆ ಮಾತು ಬೆಳೆದರೆ ಒಬ್ಬರು ಹಿತ್ತಲಿಗೆ ಹೋಗಬಹುದು, ಇನ್ನೊಬ್ಬರು ಬೀದಿಗೆ ಹೋಗಬಹುದು. ದೋಣಿಯಲ್ಲಿ ಹಿತ್ತಲೂ ಇಲ್ಲ, ಬೀದಿಯೂ ಇಲ್ಲ.

2018ರ ಜುಲೈ ತಿಂಗಳು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಒಂದು ಧರ್ಮಕೇಂದ್ರದ ಗುರುಗಳು ರಜೆಯ ಮೇಲೆ ಹೋಗಿದ್ದರಿಂದ ಅವರ ಬದಲಿಗೆ ಆರು ವಾರ ಸೇವೆ ಮಾಡಲು ನಾನು ಹೋಗಿದ್ದೆ. ಅಲ್ಲಿ ಹಾಸನದ ಕಡೆಯಿಂದ ಹೋಗಿ ನೆಲೆಸಿದ್ದ ನಮ್ಮವರ ಕುಟುಂಬವೊಂದು ಪರಿಚಯವಾಯಿತು. ಯಜಮಾನರು ಎಂಜಿನಿಯರ್, ಅವರ ಪತ್ನಿ ಆಸ್ಪತ್ರೆಯಲ್ಲಿ ನರ್ಸ್. ಹದಿನೈದು ವರ್ಷದ ಮಗಳು, ಹನ್ನೊಂದು ವರ್ಷದ ಮಗ. ಯಜಮಾನರು ಎರಡು ಬೇಸಿಗೆ ಹಾಯಿದೋಣಿ ನಡೆಸುವುದನ್ನು ಕಲಿತು, ಪರೀಕ್ಷೆ ಬರೆದು, ಪ್ರಮಾಣಪತ್ರ ಪಡೆದಿದ್ದರು. ಆ ವರ್ಷ ಮೊದಲ ಬಾರಿಗೆ ಸಂಸಾರವನ್ನೆಲ್ಲ ಕರೆದುಕೊಂಡು ಬಾಡಿಗೆ ದೋಣಿಯಲ್ಲಿ ಹೊರಡುವ ಸಂಭ್ರಮ. "ಫಾದರ್, ನೀವೂ ಬನ್ನಿ, ಸೋಮವಾರ ಹೊರಟರೆ ಶುಕ್ರವಾರ ವಾಪಸ್, ಭಾನುವಾರದ ಪೂಜೆಗೆ ತೊಂದರೆ ಇಲ್ಲ" ಎಂದರು. ಹೇಮಾವತಿಯಲ್ಲಿ ತೆಪ್ಪ ಹತ್ತಿದ್ದು ಬಿಟ್ಟರೆ ನನಗೆ ನೀರಿನ ಅನುಭವವೇ ಇರಲಿಲ್ಲ. ಆದರೂ ಒಪ್ಪಿಕೊಂಡೆ. (ಇದನ್ನು ಬರೆಯಲು ಅವರ ಅನುಮತಿ ಇದೆ, ಹೆಸರು ಬರೆಯಲು ಇಲ್ಲ.)

ನಾವು ಹೋದದ್ದು ಚೆಸಪೀಕ್ ಕೊಲ್ಲಿಗೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 320 ಕಿಲೋಮೀಟರ್ ಉದ್ದದ ನೀರು. ಸಸ್ಕ್ವೆಹಾನಾ, ಪೊಟೋಮ್ಯಾಕ್ ಮುಂತಾದ ನದಿಗಳು ಬಂದು ಸಮುದ್ರದ ಉಪ್ಪುನೀರಿಗೆ ಬೆರೆಯುವ ಸ್ಥಳ ಅದು. ನೋಡಿದರೆ ಸಾಗರವೇ. ಆದರೆ ಅದರ ಸರಾಸರಿ ಆಳ ಕೇವಲ 21 ಅಡಿ. ಅಂಚುಗಳಲ್ಲಂತೂ ಮೊಣಕಾಲುದ್ದದ ನೀರಿನಲ್ಲಿ ಕೊಕ್ಕರೆ ನಿಂತಿರುತ್ತದೆ. ಹಾಯಿದೋಣಿ ಗಾಳಿಗೆ ಮಗುಚಿಕೊಳ್ಳದಿರಲು ಅದರ ತಳದಲ್ಲಿ ಮೀನಿನ ರೆಕ್ಕೆಯಂತಹ ಭಾರವಾದ ಲೋಹದ ಭಾಗವೊಂದು ಇಳಿದುಕೊಂಡಿರುತ್ತದೆ. ಅದಕ್ಕೆ ಕೀಲ್ ಎನ್ನುತ್ತಾರೆ. ನಮ್ಮ ದೋಣಿಯ ಕೀಲ್ ಮುಟ್ಟದೆ ಸಾಗಬೇಕಾದರೆ ಐದು ಅಡಿ ನೀರು ಬೇಕು. ಈ ಐದು ಅಡಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಸೋಮವಾರ ಮಧ್ಯಾಹ್ನ ಅನಾಪೊಲಿಸ್ ಪಟ್ಟಣದಿಂದ ಹೊರಟೆವು. ಮೇರಿಲ್ಯಾಂಡಿನ ರಾಜಧಾನಿ ಅದು. ಬಂದರಿನಿಂದ ಹಿಂದಿರುಗಿ ನೋಡಿದರೆ ಸಂತ ಮರಿಯಮ್ಮನವರ ದೇವಾಲಯದ ಗೋಪುರ ಕಾಣುತ್ತದೆ. ಅದರ ಪಕ್ಕದ ಹಳೆಯ ಮನೆ, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಏಕೈಕ ಕಥೋಲಿಕರಾದ ಚಾರ್ಲ್ಸ್ ಕ್ಯಾರೊಲ್ ಅವರದು. ದೋಣಿ ಕೊಟ್ಟವರು ಬಿಡುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ನಾಯಕ ಯಾರು? ದೋಣಿಯಲ್ಲಿ ಇಬ್ಬರು ನಾಯಕರಿರುವಂತಿಲ್ಲ. ಯಜಮಾನರು ಕೈ ಎತ್ತಿದರು. ನಂತರ ನಮ್ಮ ಕಡೆ ತಿರುಗಿ, "ಇನ್ನು ಐದು ದಿನ ನಾನು ಹೇಳಿದ ಹಾಗೆ" ಎಂದರು. ಅವರ ಪತ್ನಿ, "ಮನೆಯಲ್ಲಿ ಮಾತ್ರ ಬೇರೆ ಹಾಗಿದೆಯೇ?" ಎಂದು ನಕ್ಕರು. ಕೆಲಸ ಹಂಚಿಕೆಯಾಯಿತು. ಮಗಳಿಗೆ ಆಳ ತೋರಿಸುವ ಯಂತ್ರವನ್ನು ನೋಡಿ ಕೂಗುವ ಕೆಲಸ, ಮಗನಿಗೆ ಏಡಿ ಹಿಡಿಯುವವರ ಬುಟ್ಟಿಗಳ ತೇಲುಗುರುತುಗಳನ್ನು ದೂರದಿಂದಲೇ ಕಂಡು ಹೇಳುವ ಕೆಲಸ, ನನಗೆ ಹೇಳಿದ ಹಗ್ಗವನ್ನು ಎಳೆಯುವ ಕೆಲಸ. ಮೊದಲ ಸಲವೇ ನಾನು ಬೇರೆ ಹಗ್ಗ ಬಿಟ್ಟು, ಹಾಯಿ ಪಟಪಟನೆ ಬಡಿದು, ಎಲ್ಲರ ಟೋಪಿ ನೀರಿಗೆ ಬಿತ್ತು.

ಆ ಮಧ್ಯಾಹ್ನದ ಸುಖವನ್ನು ಮಾತಿನಲ್ಲಿ ಹೇಳುವುದು ಕಷ್ಟ. ಎಂಜಿನ್ ನಿಲ್ಲಿಸಿದ ಕೂಡಲೇ ಬರುವ ಆ ನಿಶ್ಶಬ್ದ, ದೋಣಿ ಒಂದು ಮಗ್ಗುಲಿಗೆ ವಾಲಿ ನೀರನ್ನು ಸೀಳುವ ಸದ್ದು. ನೈಋತ್ಯದಿಂದ ಗಾಳಿ. ಗಾಳಿ ಬರುವ ದಿಕ್ಕಿಗೇ ಹಾಯಿದೋಣಿ ನೇರವಾಗಿ ಹೋಗಲಾರದು, ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸಾಗುತ್ತ ಮುಂದೆ ಹೋಗಬೇಕು. ನೀರಿನ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಂತಿರುವ ಆರು ಮೂಲೆಯ ಮರದ ಮನೆಯಂತಹ ಥಾಮಸ್ ಪಾಯಿಂಟ್ ದೀಪಸ್ತಂಭವನ್ನು ನಾವು ಹೀಗೆ ಓರೆಯಾಗಿ ಹೋಗಿ ಬಂದು ಮೂರು ಸಲ ನೋಡಿದೆವು. 1875ರಿಂದ ಅದೇ ಜಾಗದಲ್ಲಿ ನಿಂತಿರುವ ದೀಪ ಅದು. ಸಂಜೆ ರೋಡ್ ನದಿಯ ಮುಖದಲ್ಲಿ ಲಂಗರು ಹಾಕಿ, ಜಪಸರ ಮಾಡಿ ಮಲಗಿದೆವು.

ಮಂಗಳವಾರ ಗಾಳಿ ಸತ್ತುಹೋಯಿತು. ಚೆಸಪೀಕ್‌ನ ಬೇಸಿಗೆಯಲ್ಲಿ ಇದು ಸಾಮಾನ್ಯವಂತೆ. ಹಾಯಿ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತು. ಕಲ್ಬುರ್ಗಿಯ ಮೇ ತಿಂಗಳ ಬಿಸಿಲಿಗೆ ಮಂಗಳೂರಿನ ಸೆಕೆ ಸೇರಿದ ಹಾಗೆ. ನೀರಿಗೆ ಹಾರೋಣವೆಂದರೆ ಚುಚ್ಚುವ ಜೆಲ್ಲಿ ಮೀನುಗಳು ಜುಲೈ ಹೊತ್ತಿಗೆ ಕೊಲ್ಲಿಯ ತುಂಬ. ಸ್ನಾನ ಮಾಡೋಣವೆಂದರೆ ತೊಟ್ಟಿಯ ನೀರು ಕುಡಿಯಲು ಬೇಕು. ಅಮ್ಮ ಒಳಗೆ ತೂಗಾಡುವ ಒಲೆಯ ಮುಂದೆ ಉಪ್ಪಿಟ್ಟು ಕೆದಕುತ್ತ, "ಎಂಜಿನ್ ಹಾಕಬಾರದೇ?" ಎಂದರು. ಯಜಮಾನರು, "ಎಂಜಿನ್ ಹಾಕುವುದಾದರೆ ಮೋಟಾರು ದೋಣಿಯನ್ನೇ ಬಾಡಿಗೆಗೆ ತರಬಹುದಿತ್ತು" ಎಂದರು. ಅಲ್ಲಿಂದ ಶುರುವಾದದ್ದು ಹೋದ ವರ್ಷದ ರಜೆಗೆ, ಅತ್ತೆಯ ಮನೆಗೆ, ಮಗಳ ಗಣಿತದ ಅಂಕಗಳಿಗೆ ಹೋಯಿತು. ನಾನು ಜಪದ ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡಿದ್ದೆ. ಒಂದು ಗಂಟೆಯ ನಂತರ ಎಂಜಿನ್ ಹಾಕಿದರು.

ಅದೇ ಸಂಜೆ ಬಿರುಗಾಳಿ. ವೈ ಎಂಬ ನದಿಯಲ್ಲಿ ಲಂಗರು ಹಾಕಿದ್ದೆವು. ಪಶ್ಚಿಮದಲ್ಲಿ ಕಮ್ಮಾರನ ಅಡಿಗಲ್ಲಿನ ಆಕಾರದ ಕಪ್ಪು ಮೋಡ ಎದ್ದಿತು. ಯಜಮಾನರು ನೀರಿನ ಆಳದ ಏಳು ಪಟ್ಟು ಉದ್ದಕ್ಕೆ ಲಂಗರಿನ ಹಗ್ಗವನ್ನು ಬಿಟ್ಟರು, ಎಲ್ಲರಿಗೂ ತೇಲುಕವಚ ತೊಡಿಸಿದರು, ಪ್ರತಿಯೊಂದನ್ನೂ ಕಟ್ಟಿದರು. ಇಪ್ಪತ್ತು ನಿಮಿಷ ಗುಡುಗು, ಮಿಂಚು, ಅಡ್ಡಮಳೆ. ನಾನು ನಿಜವಾಗಿ ಹೆದರಿದೆ. ಆದರೆ ಆ ಇಪ್ಪತ್ತು ನಿಮಿಷದಲ್ಲಿ ಆ ಮನೆಯವರು ಒಬ್ಬರ ಕೈ ಇನ್ನೊಬ್ಬರು ಹಿಡಿದಿದ್ದರು. ಜಗಳವೆಲ್ಲ ಆದದ್ದು ಗಾಳಿಯೇ ಇಲ್ಲದ ಹೊತ್ತಿನಲ್ಲಿ ಎಂಬುದನ್ನು ನಾನು ಆಗ ಗಮನಿಸಿದೆ. ನಮ್ಮ ಧರ್ಮಕೇಂದ್ರದ ಮನೆಗಳಲ್ಲೂ ನಾನು ಕಂಡದ್ದು ಹೀಗೆಯೇ. ಸಾವು, ಕಾಯಿಲೆ ಬಂದಾಗ ಒಂದಾಗುವವರು ಏನೂ ಆಗದ ಮಂಗಳವಾರದಲ್ಲಿ ಒಡೆಯುತ್ತಾರೆ.

ಬುಧವಾರ ಬೆಳಿಗ್ಗೆ ಕ್ಯಾಬಿನ್ನಿನ ಮೇಜಿನ ಮೇಲೆ ಬಲಿಪೂಜೆ ಅರ್ಪಿಸಿ, ಸೇಂಟ್ ಮೈಕಲ್ಸ್ ಎಂಬ ಚಿಕ್ಕ ಊರಿಗೆ ಹೋದೆವು. ಮೇಜಿನ ಮೇಲೆ ಕಾಗದ ಹಾಸಿ, ಮಸಾಲೆ ಹಾಕಿ ಬೇಯಿಸಿದ ಏಡಿಗಳನ್ನು ಸುರಿದು, ಕೈಗೊಂದು ಮರದ ಸುತ್ತಿಗೆ ಕೊಡುತ್ತಾರೆ. ನಮ್ಮ ಏಡಿ ಸಾರಿಗೆ ಸಮ ಅಲ್ಲ ಎಂದು ಅಮ್ಮ ತೀರ್ಪು ಕೊಟ್ಟರು. ಅದೇ ಊರಿನ ಸುತ್ತಮುತ್ತ ಫ್ರೆಡರಿಕ್ ಡಗ್ಲಸ್ ಎಂಬಾತ ಹುಡುಗನಾಗಿದ್ದಾಗ ಗುಲಾಮನಾಗಿ ದುಡಿದ. 1834ರಲ್ಲಿ ಅವನನ್ನು ಗುಲಾಮರನ್ನು ಬಗ್ಗಿಸುವುದರಲ್ಲಿ ಹೆಸರಾದ ಒಬ್ಬ ರೈತನ ಕೈಗೆ ಒಪ್ಪಿಸಿದ್ದರು. ಭಾನುವಾರಗಳಲ್ಲಿ ಇದೇ ಕೊಲ್ಲಿಯ ದಡದಲ್ಲಿ ನಿಂತು ಬಿಳಿ ಹಾಯಿಗಳು ಹೋಗುವುದನ್ನು ನೋಡಿ ತಾನು ಹೇಗೆ ಅತ್ತೆನೆಂಬುದನ್ನು ಅವನು 1845ರಲ್ಲಿ ಪ್ರಕಟಿಸಿದ ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. ಮಗಳು ಅದನ್ನು ಶಾಲೆಯಲ್ಲಿ ಓದಿದ್ದಳು. ನಮ್ಮ ಹಾಯಿಯನ್ನು ನೋಡುತ್ತ, "ನಾವು ಪಿಕ್ನಿಕ್‌ಗೆ ಬಂದಿದ್ದೇವೆ, ಅವನು ಇಲ್ಲಿಂದ ನೋಡುತ್ತಿದ್ದ" ಎಂದಳು. ಅವಳ ತಂದೆ ನಕ್ಷೆ ನೋಡುತ್ತಿದ್ದರು, ಕೇಳಿಸಿಕೊಳ್ಳಲಿಲ್ಲ.

ಗುರುವಾರದ ವಿಷಯಕ್ಕೆ ಬರುತ್ತೇನೆ. ಇದಕ್ಕಾಗಿಯೇ ಈ ಲೇಖನ.

ಬೆಳಿಗ್ಗೆ ಒಳ್ಳೆಯ ಗಾಳಿ. ಮೈಲ್ಸ್ ನದಿಯಲ್ಲಿ ಇಳಿದು ಬರುತ್ತಿದ್ದೆವು. ಯಜಮಾನರು ಚುಕ್ಕಾಣಿ ಹಿಡಿದಿದ್ದರು. ನಾನು ಅವರ ಪಕ್ಕದಲ್ಲಿ ಕುಳಿತು 'ಆರ್ಕ್' ಮತ್ತು 'ಡವ್' ಎಂಬ ಎರಡು ಹಡಗುಗಳ ಕಥೆ ಹೇಳುತ್ತಿದ್ದೆ. ಇಂಗ್ಲೆಂಡಿನಲ್ಲಿ ಕಥೋಲಿಕರಿಗೆ ಬಹಿರಂಗವಾಗಿ ಪೂಜೆ ಮಾಡುವ ಸ್ವಾತಂತ್ರ್ಯವಿಲ್ಲದಿದ್ದ ಕಾಲ. 1633ರ ನವೆಂಬರಿನಲ್ಲಿ ಇವೆರಡು ಹಡಗುಗಳು ಹೊರಟವು, 'ಆರ್ಕ್' ದೊಡ್ಡದು, 'ಡವ್' ತೀರ ಚಿಕ್ಕದು. ಅವುಗಳಲ್ಲಿ ಪ್ರೊಟೆಸ್ಟೆಂಟರೂ ಇದ್ದರು, ಕಥೋಲಿಕರೂ ಇದ್ದರು, ಯೇಸುಸಭೆಯ ಫಾದರ್ ಆಂಡ್ರ್ಯೂ ವೈಟ್ ಇದ್ದರು. ಕೆಲವೇ ದಿನಗಳಲ್ಲಿ ಬಿರುಗಾಳಿ. ಅಪಾಯವಾದರೆ ಕೂವೆಮರಕ್ಕೆ ಎರಡು ದೀಪ ಕಟ್ಟುತ್ತೇವೆ ಎಂದು 'ಡವ್' ಮೊದಲೇ ಹೇಳಿತ್ತು. ನಡುರಾತ್ರಿ ಆ ಎರಡು ದೀಪಗಳು ಕಂಡವು, ನಂತರ ಕಾಣಲಿಲ್ಲ. ಮುಳುಗಿತೆಂದೇ ಎಲ್ಲರೂ ತಿಳಿದರು. 'ಆರ್ಕ್'ನ ದೊಡ್ಡ ಹಾಯಿಯೂ ಇನ್ನೊಂದು ಬಿರುಗಾಳಿಗೆ ಮೇಲಿನಿಂದ ಕೆಳಗೆ ಹರಿದುಹೋಗಿ, ಚುಕ್ಕಾಣಿಯನ್ನು ಕಟ್ಟಿಹಾಕಿ, ದೇವರು ಒಯ್ದ ಕಡೆ ಹಡಗು ಹೋಯಿತು...

"ಏಳು ಅಡಿ" ಎಂದಳು ಮಗಳು.

ಯಜಮಾನರು ಕೆಂಪು ಗುರುತಿನ ಹೊರಗಿನಿಂದ ಸುತ್ತಿ ಹೋಗುವ ಬದಲು ಒಳಗಿನಿಂದ ಅಡ್ಡದಾರಿ ಹಿಡಿದಿದ್ದರು. ಹತ್ತು ನಿಮಿಷದ ಉಳಿತಾಯ. "ಆರೂವರೆ." "ಗೊತ್ತು." "ಅಪ್ಪ, ಆರು." "ನನಗೆ ಗೊತ್ತು ಅಂದೆನಲ್ಲ, ಸುಮ್ಮನಿರು. ಫಾದರ್, ನೀವು ಹೇಳಿ, 'ಡವ್' ಏನಾಯಿತು?"

ನಾನು ಹೇಳಿದೆ. ಇಂಗ್ಲೆಂಡಿನ ಕಡೆಗೇ ಹಿಂದಿರುಗಿ ಆಶ್ರಯ ಪಡೆದಿದ್ದ 'ಡವ್', ವಾರಗಳ ನಂತರ ಬಾರ್ಬಡೋಸ್ ದ್ವೀಪದಲ್ಲಿ 'ಆರ್ಕ್'ನ್ನು ಬಂದು ಸೇರಿತು ಎನ್ನುತ್ತಿದ್ದ ಹಾಗೆ ನಮ್ಮ ದೋಣಿ ಯಾರೋ ಕೆಳಗಿನಿಂದ ಹಿಡಿದುಕೊಂಡ ಹಾಗೆ ಮೆಲ್ಲನೆ ನಿಂತಿತು. ಸದ್ದೇ ಆಗಲಿಲ್ಲ. ಕೆಸರು.

ಮುಂದಿನ ಕಾಲು ಗಂಟೆಯನ್ನು ಬರೆಯಲು ಸಂಕೋಚವಾಗುತ್ತದೆ. ಎಂಜಿನ್ ಹಾಕಿ ಹಿಂದಕ್ಕೆ ಎಳೆದರು, ನೀರು ಕಂದಾಯಿತು, ದೋಣಿ ಅಲುಗಲಿಲ್ಲ. ಹಾದುಹೋಗುವ ದೋಣಿಗಳವರೆಲ್ಲ ನೋಡುತ್ತಿದ್ದರು. ಯಜಮಾನರು ಮೊದಲು ನಕ್ಷೆಯನ್ನು ಬೈದರು, ಆಮೇಲೆ ಹೆಂಡತಿಯನ್ನು, ಕೊನೆಗೆ ಮಗಳ ಕಡೆ ತಿರುಗಿ, "ಸ್ವಲ್ಪ ಗಟ್ಟಿಯಾಗಿ ಹೇಳಬಾರದಿತ್ತೇ?" ಎಂದು ಕೂಗಿದರು. ಹುಡುಗಿ ಒಂದು ಮಾತೂ ಆಡಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವಳು ಹೇಳಿದ್ದನ್ನು ನಾನು ಮೂರು ಸಲವೂ ಸ್ಪಷ್ಟವಾಗಿ ಕೇಳಿಸಿಕೊಂಡಿದ್ದೆ. "ಅವಳ ಮಾತು ಕೇಳಿ" ಎನ್ನಬಹುದಿತ್ತು. ಅತಿಥಿಯಾಗಿ ಬಂದವನು, ಮನೆಯ ಯಜಮಾನನ ಮಾತಿಗೆ ಎದುರಾಡುವುದೆಂತು ಎಂದು ಸುಮ್ಮನಿದ್ದೆ. ಅಷ್ಟೇ ಅಲ್ಲ, ನನ್ನ ಕಥೆ ನನಗೇ ಚೆನ್ನಾಗಿ ಕೇಳಿಸುತ್ತಿತ್ತು.

ಕೆಸರಿನಲ್ಲಿ ಸಿಕ್ಕಿ ಕುಳಿತಾಗ ಯೋಚಿಸಲು ಸಮಯ ಬಹಳ. ನನಗೆ ನೆನಪಾದದ್ದು ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯ. ಸಂತ ಪೌಲರನ್ನು ಕೈದಿಯಾಗಿ ರೋಮಿಗೆ ಒಯ್ಯುವ ಪಯಣ. ಪ್ರಯಾಣದ ಕಾಲ ಮೀರಿದೆ, ಮುಂದೆ ಹೋದರೆ ನಷ್ಟ ಎಂದು ಪೌಲರು ಎಚ್ಚರಿಸುತ್ತಾರೆ. ಶತಾಧಿಪತಿಯು ಹಡಗಿನ ಚಾಲಕ ಮತ್ತು ಮಾಲೀಕರ ಮಾತನ್ನು ನಂಬುತ್ತಾನೆ. ಅವನದು ತಪ್ಪೆಂದು ಹೇಳುವುದು ನಮಗೆ ಸುಲಭ. ಆದರೆ ಯೋಚಿಸಿ ನೋಡಿ, ಅನುಭವಿ ನಾವಿಕ ಒಂದು ಕಡೆ, ಬೇಡಿ ತೊಟ್ಟ ಕೈದಿ ಇನ್ನೊಂದು ಕಡೆ. ಯಾರಾದರೂ ಯಾರನ್ನು ಕೇಳುತ್ತಾರೆ? ಹದಿನಾಲ್ಕನೆಯ ರಾತ್ರಿ ನಾವಿಕರು ಹಗ್ಗ ಬಿಟ್ಟು ಆಳ ಅಳೆಯುತ್ತಾರೆ: ಇಪ್ಪತ್ತು ಮಾರು, ಸ್ವಲ್ಪ ಮುಂದೆ ಹದಿನೈದು ಮಾರು. ಆ ವಾಕ್ಯವನ್ನು ನಾನು ಎಷ್ಟೋ ಸಲ ಓದಿದ್ದೆ, ಹದಿನೈದು ವರ್ಷದ ಹುಡುಗಿಯ ದನಿಯಲ್ಲಿ ಕೇಳಿದ್ದು ಅಂದೇ. ಮಾಲ್ಟಾದ ಬಳಿ ಹಡಗು ನೆಲಕ್ಕೆ ಸಿಕ್ಕಿ ಒಡೆಯಿತು, 276 ಜನರೂ ಬದುಕಿದರು.

ಗುರುಮಠದಲ್ಲಿ ಸಂತ ಥಾಮಸ್ ಅಕ್ವಿನಾಸರನ್ನು ಓದುವಾಗ ವಿವೇಕ ಎಂಬ ಸದ್ಗುಣದ ಅಂಗಗಳನ್ನು ಬಾಯಿಪಾಠ ಮಾಡಿದ್ದೆವು. ಅವುಗಳಲ್ಲಿ ಒಂದು, ಇನ್ನೊಬ್ಬರಿಂದ ಕಲಿಯಲು ಸಿದ್ಧವಾಗಿರುವ ಮನಸ್ಸು. ಇದು ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಹಿರಿಯರಿಗೂ ಜ್ಞಾನಿಗಳಿಗೂ ಬೇಕು, ಏಕೆಂದರೆ ವಿವೇಕದ ವಿಷಯದಲ್ಲಿ ಯಾರೂ ತಮ್ಮಷ್ಟಕ್ಕೆ ತಾವೇ ಸಾಲರು ಎಂಬುದು ಅವರ ವಾದ. ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ ಮೂರನೆಯ ಅಧ್ಯಾಯದಲ್ಲಿ, ಮುಖ್ಯ ವಿಷಯ ಬಂದಾಗ ಎಲ್ಲರನ್ನೂ ಕರೆದು ಕೇಳಬೇಕು, ಒಳ್ಳೆಯದನ್ನು ದೇವರು ಅನೇಕ ವೇಳೆ ಕಿರಿಯವರಿಗೇ ತಿಳಿಸುತ್ತಾರೆ ಎಂದು ವಿಧಿಸಿದ್ದಾರೆ. ಗಮನಿಸಿ, ಅದೇ ಅಧ್ಯಾಯದಲ್ಲಿ ಕೊನೆಯ ತೀರ್ಮಾನ ಮಠಾಧಿಪತಿಯದೇ ಎಂದೂ ಇದೆ. ಚುಕ್ಕಾಣಿ ಒಬ್ಬರ ಕೈಯಲ್ಲೇ ಇರಬೇಕು. ಆದರೆ ಚುಕ್ಕಾಣಿ ಹಿಡಿದವನಿಗೆ ನೀರಿನ ಕೆಳಗೆ ಕಾಣುವುದಿಲ್ಲ. ಈ ಪ್ರಶ್ನೆಗೆ ನನಗೆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿತ್ತು.

ಇನ್ನು ದೋಣಿ ಬಿಡಿಸುವುದು ಹೇಗೆ? ಅನಾಪೊಲಿಸ್ ಕಡೆಯ ಉಬ್ಬರ ಇಳಿತ ಒಂದು ಅಡಿಯಷ್ಟೇ, ಅದನ್ನು ನಂಬಿ ಕೂರುವಂತಿಲ್ಲ. ದೋಣಿಯನ್ನು ಒಂದು ಮಗ್ಗುಲಿಗೆ ವಾಲಿಸಿದರೆ ಕೀಲ್ ಓರೆಯಾಗಿ, ಐದು ಅಡಿ ಬೇಕಾದಲ್ಲಿ ಸ್ವಲ್ಪ ಕಡಿಮೆ ಸಾಕಾಗುತ್ತದೆ. ಅದಕ್ಕೆ ದೊಡ್ಡ ಹಾಯಿಯ ಕೆಳಗಿನ ಅಡ್ಡಮರವನ್ನು ನೀರಿನ ಮೇಲೆ ಹೊರಚಾಚಿ, ಅದರ ಮೇಲೆ ಜನ ಕೂರಬೇಕು. ಜೊತೆಗೆ ಇನ್ನೊಂದು ಲಂಗರನ್ನು ರಬ್ಬರ್ ದೋಣಿಯಲ್ಲಿ ಆಳದ ಕಡೆಗೆ ಒಯ್ದು ಹಾಕಿ, ಅದರ ಹಗ್ಗವನ್ನು ರಾಟೆಗೆ ಸುತ್ತಿ ಎಳೆಯಬೇಕು. ಐವರಿಗೂ ಕೆಲಸವಿತ್ತು. ಒಬ್ಬಳು ಒಳಗಿದ್ದಳು.

ಯಜಮಾನರು ಸ್ವಲ್ಪ ಹೊತ್ತು ಚುಕ್ಕಾಣಿಯ ಚಕ್ರವನ್ನು ಹಿಡಿದೇ ನಿಂತಿದ್ದರು. ನಿಂತ ದೋಣಿಯ ಚುಕ್ಕಾಣಿ! ಅವರ ಪತ್ನಿ ಏನೂ ಹೇಳಲಿಲ್ಲ. ಕೊನೆಗೆ ಅವರೇ ಕೆಳಗಿಳಿದು ಹೋಗಿ ಆ ಪುಟ್ಟ ಬಾಗಿಲನ್ನು ತಟ್ಟಿದರು. ಆ ಮನೆಯಲ್ಲಿ ತಂದೆ ಮಕ್ಕಳೊಡನೆ ಇಂಗ್ಲಿಷಿನಲ್ಲೇ ಮಾತನಾಡುತ್ತಿದ್ದದ್ದು ಹೆಚ್ಚು. ಅಂದು ಅವರು ಕನ್ನಡದಲ್ಲಿ, ತಮ್ಮ ಊರಿನ ಕನ್ನಡದಲ್ಲಿ ಹೇಳಿದರು: "ಮಗಳೇ, ತಪ್ಪು ನಂದು. ನೀನು ಸರಿಯಾಗೇ ಹೇಳ್ದೆ. ನಾನು ಕೇಳ್ಲಿಲ್ಲ." ಸ್ವಲ್ಪ ಹೊತ್ತಿನ ನಂತರ, "ಕೂಗಿದ್ದೂ ತಪ್ಪು."

ಬಾಗಿಲು ಕೂಡಲೇ ತೆರೆಯಲಿಲ್ಲ. ತೆರೆದ ಮೇಲೂ ಅವಳ ಮುಖ ಗಂಟಾಗಿಯೇ ಇತ್ತು. ಕ್ಷಮೆ ಕೇಳಿದ ಕ್ಷಣವೇ ಎಲ್ಲ ಸರಿಹೋಗಬೇಕೆಂದು ಕೇಳಿದವರು ನಿರೀಕ್ಷಿಸಬಾರದು, ಅವರು ಹಾಗೆ ನಿರೀಕ್ಷಿಸಲಿಲ್ಲ. ನಾನೂ ಅವಳ ಹತ್ತಿರ ಹೋಗಿ, "ನಾನು ಕೇಳಿಸಿಕೊಂಡೂ ಸುಮ್ಮನಿದ್ದೆ, ನನ್ನದೂ ತಪ್ಪು" ಎಂದೆ. "ಪರವಾಗಿಲ್ಲ ಫಾದರ್" ಎಂದಳು, ಆದರೆ ನನ್ನನ್ನು ನೋಡಲಿಲ್ಲ. ನಂತರ ಅವಳು, ತಮ್ಮ, ನಾನು ಮೂವರೂ ಅಡ್ಡಮರದ ಮೇಲೆ ಕಾಗೆಗಳ ಹಾಗೆ ಸಾಲಾಗಿ ಕುಳಿತೆವು, ಕೆಳಗೆ ನೀರು. ನನ್ನ ಒಂದು ಚಪ್ಪಲಿ ಕೆಳಗೆ ಬಿದ್ದು ತೇಲುತ್ತ ಹೋಯಿತು. ಆಗ ಅವಳಿಗೆ ನಗು ಬಂತು. ದೋಣಿ ಮೊದಲು ನಡುಗಿತು, ಆಮೇಲೆ ಬಿಟ್ಟುಕೊಂಡಿತು.

ಮಕ್ಕಳು ತಂದೆತಾಯಿಗೆ ವಿಧೇಯರಾಗಿರಬೇಕೆಂಬ ಸಂತ ಪೌಲರ ಉಪದೇಶವನ್ನು ನಾವು ಗುರುಗಳು ಪವಿತ್ರ ಕುಟುಂಬದ ಹಬ್ಬದ ದಿನ ಗಟ್ಟಿಯಾಗಿ ಬೋಧಿಸುತ್ತೇವೆ. ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ ಅದರ ಮರುವಾಕ್ಯವೇ ತಂದೆಯರಿಗೆ ಸಂಬಂಧಿಸಿದ್ದು: ಮಕ್ಕಳನ್ನು ಕೆಣಕಬೇಡಿ, ಅವರ ಮನ ಕುಗ್ಗೀತು ಎಂಬ ಅರ್ಥದ ಮಾತು. ಆ ವಾಕ್ಯಕ್ಕೆ ಬರುವ ಹೊತ್ತಿಗೆ ನಮಗೆ ಯಾಕೋ ಪ್ರಸಂಗ ಮುಗಿಸುವ ಅವಸರ. ಮನೆ ಭೇಟಿಗೆ ಹೋದಾಗ, "ನನ್ನ ಮಗ ಕ್ಷಮೆ ಕೇಳುವವರೆಗೆ ಮಾತಿಲ್ಲ" ಎಂದ ತಂದೆಯರನ್ನು ಬಹಳ ಕಂಡಿದ್ದೇನೆ. ತಾನು ಮಗನ ಕ್ಷಮೆ ಕೇಳಿದೆ ಎಂದ ತಂದೆಯನ್ನು ಕಂಡದ್ದು ಎರಡೋ ಮೂರೋ ಸಲ. ಕೇಳಿದರೆ ಗೌರವ ಹೋಗುತ್ತದೆ ಎಂಬ ಭಯ. ಗುರುವಾರ ಮಧ್ಯಾಹ್ನದಿಂದ ನಾನು ಕಣ್ಣಾರೆ ನೋಡಿದ್ದು ಬೇರೆ. ಮಗಳು "ಎಂಟು" ಎಂದ ಕೂಡಲೇ ತಂದೆ ಚಕ್ರ ತಿರುಗಿಸುತ್ತಿದ್ದರು, ಅವರು "ಹಗ್ಗ" ಎಂದ ಕೂಡಲೇ ಅವಳು ಎಳೆಯುತ್ತಿದ್ದಳು.

ಆ ರಾತ್ರಿ ಲಂಗರು ಹಾಕಿ ಕುಳಿತಾಗ ಅವಳೇ ನನ್ನನ್ನು ಕೇಳಿದಳು: "ಫಾದರ್, ಆ ಎರಡು ಹಡಗಿನವರು ಕೊನೆಗೆ ಬಂದರಾ?" ಬಂದರು. 1634ರ ಮಾರ್ಚ್ 25ರಂದು, ಮಾತೆ ಮರಿಯಮ್ಮನವರಿಗೆ ದೇವದೂತನ ಸಂದೇಶ ಬಂದ ಹಬ್ಬದ ದಿನ, ಪೊಟೋಮ್ಯಾಕ್ ನದಿಯ ಸಂತ ಕ್ಲೆಮೆಂಟರ ದ್ವೀಪದಲ್ಲಿ ಫಾದರ್ ವೈಟ್ ಬಲಿಪೂಜೆ ಅರ್ಪಿಸಿದರು. "ಅವರೂ ಗುಲಾಮರನ್ನು ಇಟ್ಟುಕೊಂಡರಾ?" ಡಗ್ಲಸನನ್ನು ಓದಿದ ಹುಡುಗಿ. ಬೆಳಿಗ್ಗೆಯಷ್ಟೇ ಒಮ್ಮೆ ಸುಮ್ಮನಿದ್ದು ಕೆಟ್ಟಿದ್ದೆ, ಆದ್ದರಿಂದ ಹೇಳಿದೆ. ಸ್ವಾತಂತ್ರ್ಯ ಹುಡುಕಿ ಬಂದವರ ನಾಡಿನಲ್ಲಿ ಕಥೋಲಿಕರೂ ಗುಲಾಮರನ್ನು ಇಟ್ಟುಕೊಂಡರು. ಯೇಸುಸಭೆಯ ಗುರುಗಳ ಜಮೀನುಗಳಲ್ಲೇ ಗುಲಾಮರಿದ್ದರು. 1838ರಲ್ಲಿ ಮೇರಿಲ್ಯಾಂಡಿನ ಯೇಸುಸಭೆಯವರು 272 ಜನ ಗಂಡಸರು, ಹೆಂಗಸರು, ಮಕ್ಕಳನ್ನು ಲೂಸಿಯಾನದ ಜಮೀನ್ದಾರರಿಗೆ ಮಾರಿದರು. ಹಣದ ಒಂದು ಭಾಗ ಜಾರ್ಜ್‌ಟೌನ್ ಕಾಲೇಜಿನ ಸಾಲಕ್ಕೆ ಹೋಯಿತು. ಡಗ್ಲಸ್ ಬಾಲ್ಟಿಮೋರಿನಿಂದ ತಪ್ಪಿಸಿಕೊಂಡು ಸ್ವತಂತ್ರನಾದದ್ದೂ ಅದೇ ವರ್ಷ.

"ಅವರು ಸಾರಿ ಕೇಳಿದರಾ?"

2017ರ ಏಪ್ರಿಲಿನಲ್ಲಿ, ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ, ಮಾರಾಟವಾದವರ ವಂಶಸ್ಥರ ಎದುರಿನಲ್ಲಿ ಯೇಸುಸಭೆಯ ಪರವಾಗಿ ಕ್ಷಮೆ ಕೇಳಲಾಯಿತು ಎಂದೆ.

ಅವಳು ಬೆರಳೆಣಿಸಿದಳು. "179 ವರ್ಷ. ಅಪ್ಪನಿಗೆ ಇಪ್ಪತ್ತು ನಿಮಿಷ ಸಾಕಾಯಿತು."

ಕತ್ತಲಲ್ಲಿ ಯಜಮಾನರು ಗಂಟಲು ಸರಿಮಾಡಿಕೊಂಡರು. ಏನೂ ಹೇಳಲಿಲ್ಲ.

ಶುಕ್ರವಾರ ಗಾಳಿ ಅನುಕೂಲವಾಗಿರಲಿಲ್ಲ, ಅರ್ಧ ದಾರಿ ಎಂಜಿನ್‌ನಲ್ಲೇ ಬಂದೆವು. ಯಾರೂ ಜಗಳವಾಡಲಿಲ್ಲ. ಸಂಜೆ ಅನಾಪೊಲಿಸ್ ತಲುಪಿ ದೋಣಿ ಕಟ್ಟಿದಾಗ ಭರ್ತಿ ಮಾಡಲು ಒಂದು ಕಾಗದ ಕೊಟ್ಟರು. ಅದರಲ್ಲಿ, ದೋಣಿ ಎಲ್ಲಾದರೂ ನೆಲ ಮುಟ್ಟಿತೇ ಎಂಬ ಪ್ರಶ್ನೆ ಇತ್ತು. ಕೆಸರು ಮೆತ್ತಗಿತ್ತು, ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಮುಳುಗುಗಾರನನ್ನು ಇಳಿಸಿ ಕೀಲ್ ಪರೀಕ್ಷಿಸುತ್ತಾರೆ, ಅವನ ಕೂಲಿ ನಮ್ಮ ಠೇವಣಿಯಿಂದ. ಮಗಳು ತಂದೆಯ ಹೆಗಲ ಮೇಲಿಂದ ಇಣುಕುತ್ತಿದ್ದಳು. ಅವರು 'ಹೌದು' ಎಂದು ಗುರುತು ಹಾಕಿ, ಕೆಳಗೆ ಒಂದು ಸಾಲು ಬರೆದರು: ಆಳ ನೋಡುತ್ತಿದ್ದವರು ಎಚ್ಚರಿಸಿದ್ದರು, ನಾಯಕ ಕೇಳಲಿಲ್ಲ.

ಮುಳುಗುಗಾರ ಅರ್ಧ ಗಂಟೆಯ ನಂತರ ಮೇಲೆ ಬಂದು, ಕೆಸರು ಬಿಟ್ಟರೆ ಏನೂ ಇಲ್ಲ ಎಂದ. ಕೂಲಿಯನ್ನು ಹಿಡಿದುಕೊಂಡೇ ಉಳಿದ ಹಣ ಕೊಟ್ಟರು.